ಲೀಡರಿನ ಗಂಟಿಗೆ ಕಾರಣ ಸಿಕ್ಕಿತು

ಫ್ಲೈ ಫಿಶಿಂಗಿನ ಲೀಡರಿನಲ್ಲಿ, ಅಂದರೆ ದಪ್ಪ ಲೈನಿಗೂ ತುದಿಯ ಫ್ಲೈಗೂ (ಕೃತಕ ಎರೆ) ನಡುವಿನ ತೆಳು ದಾರದಲ್ಲಿ, ಗಂಟು ಬೀಳುವುದು ನಿಂತಿದೆ. ಈ ಒಂದು ಸಾಲು ಬರೆಯುವುದಕ್ಕೆ ಬೇಸಿಗೆ ಪೂರ್ತಿ ಬೇಕಾಯಿತು. ಬ್ಯಾಕಿಂಗ್ ಸುತ್ತುವುದು, ನೇಲ್ ನಾಟ್, ರೋಲ್ ಕಾಸ್ಟ್ ಎಂಬ ಆರಂಭದ ಪಾಠಗಳು ಇಲ್ಲಿಲ್ಲ. ಅದನ್ನೆಲ್ಲ ಬಿಟ್ಟು ನೇರ ಗಂಟಿಗೇ ಬರುತ್ತೇನೆ.

ಸಾಮಾನು ಇಷ್ಟು: 9 ಅಡಿಯ 8 ವೇಟ್ (ಲೈನಿನ ತೂಕದ ದರ್ಜೆ) ರಾಡ್, ಅಷ್ಟೇ ಉದ್ದದ ಲೀಡರ್, ತುದಿಗೆ ಕ್ಲೌಸರ್ ಮಿನ್ನೋ ಎಂಬ ಫ್ಲೈ. ಜಾಗ ಕಾಸರಗೋಡಿನ ಶಿರಿಯ ಹೊಳೆಯ ಅಳಿವೆ. ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಎಡೆಯಲ್ಲಿ ಕೆಂಬೇರಿ ಮೀನು ಕೂತಿರುತ್ತದೆ, ಮಲಯಾಳದವರ ಚೆಂಬಲ್ಲಿ. ಅದು ಬೇರು ಬಿಟ್ಟು ದೂರ ಬರುವ ಜಾತಿಯಲ್ಲ. ನಾವೇ ಫ್ಲೈಯನ್ನು ಅದರ ಮನೆ ಬಾಗಿಲಿಗೆ ತಲುಪಿಸಬೇಕು. ಎದುರು ದಡದ ಕೆಸರಲ್ಲಿ ನಿಂತು 50-60 ಅಡಿ ಎಸೆಯಲೇಬೇಕು. ಬೆಳಿಗ್ಗೆ ಮೂಡುಗಾಳಿ ಬೆನ್ನಿಗೆ ಇರುತ್ತದೆ, ಆಗ ಎಲ್ಲರೂ ಪಂಟರೇ. ಮಧ್ಯಾಹ್ನ ಕಳೆದು ಪಡುಗಾಳಿ ಎದ್ದಿತೋ, ಯಾರ ಕಾಸ್ಟ್ (ಎಸೆತ) ಎಷ್ಟು ಅಂತ ಬಣ್ಣ ಬಯಲಾಗುತ್ತದೆ.

30 ಅಡಿವರೆಗೆ ಎಲ್ಲ ಚಂದ. 40 ದಾಟಿದರೆ ಟೇಲಿಂಗ್ ಲೂಪ್. ಗಾಳಿಯಲ್ಲಿ ಸಾಗುವ ಲೈನಿನ U ಆಕಾರದ ಮಡಿಕೆಯೇ ಲೂಪ್; ಅದರ ಮೇಲಿನ ಎಳೆ ಕೆಳಗಿನ ಎಳೆಯನ್ನು ಅಡ್ಡ ಹಾಯುತ್ತದೆ, ಫ್ಲೈ ಬಂದು ಲೈನಿಗೇ ಹೊಡೆಯುತ್ತದೆ, ಎಳೆದು ನೋಡಿದರೆ ಲೀಡರಿನಲ್ಲಿ ಸಾಸಿವೆ ಕಾಳಿನಷ್ಟು ಗಂಟು. ಅಂಥ ಗಂಟು ಬಿದ್ದ ಟಿಪ್ಪೆಟ್ (ಲೀಡರಿನ ತೆಳು ತುದಿ) ಎಷ್ಟು ದುರ್ಬಲ ಅಂತ ನಿಮಗೆ ಹೇಳಬೇಕಾಗಿಲ್ಲ. ಬೇರಿನ ಒಳಗೆ ನುಗ್ಗುವ ಕೆಂಬೇರಿಗೆ ಅಷ್ಟು ಸಾಕು.

ಮೊದಲ ಸಂಶಯ ಲೈನಿನ ಮೇಲೆ. ಅದಕ್ಕೆ ಕಾರಣವೂ ಇತ್ತು. ಆನ್‌ಲೈನ್ ಅಂಗಡಿಯೊಂದಕ್ಕೆ ನಾನು ಆರ್ಡರ್ ಕೊಟ್ಟದ್ದು 8 ವೇಟ್ ಟ್ರಾಪಿಕಲ್ ಫ್ಲೋಟಿಂಗ್ ಲೈನ್. ಬಂದದ್ದು ಚೀಟಿಯೇ ಇಲ್ಲದ ಒಂದು ಸುರುಳಿ. ನೆರಳಲ್ಲಿ ಇದ್ದಾಗ ಸಾಧು ಪ್ರಾಣಿ. ಮೇ ತಿಂಗಳ ಬಿಸಿಲು ತಾಗಿದ್ದೇ ಮೈ ಮೆತ್ತಗಾಗಿ ರಾಡಿನ ಗೈಡ್‌ಗಳಿಗೆ (ಲೈನ್ ಹಾಯುವ ಬಳೆಗಳು) ಅಂಟಿಕೊಳ್ಳುತ್ತದೆ. ಟ್ರೌಟ್ ಹಿಡಿಯುವ ಚಳಿ ದೇಶಕ್ಕೆ ಮಾಡಿದ ಲೈನ್ ಅದು. ಕೋರ್ (ಒಳದಾರ), ಕೋಟಿಂಗ್ (ಹೊರಪದರ) ಎರಡೂ ತಣ್ಣೀರಿನ ಲೆಕ್ಕದಲ್ಲಿ ಮೆದು ಇರುತ್ತವೆ. ನಮ್ಮ ಸೆಕೆಗೆ ಗಟ್ಟಿ ಕೋರಿನದ್ದೇ ಆಗಬೇಕು. ಅಂಗಡಿಯವರಿಗೆ ಫೋನ್ ಮಾಡಿದರೆ, "ಸರ್, ಇದು ಎಷ್ಟು ಕೆಜಿ ಮೀನು ತಡೆಯಬೇಕು?" ಅಂತ ನನ್ನನ್ನೇ ಕೇಳಿದರು. ವೇಟ್ ಅಂದರೆ ಲೈನಿನದ್ದೇ ತೂಕ, ಮೀನಿನದ್ದಲ್ಲ. ಇವರು ಫ್ಲೈ ಲೈನ್ ಮಾರುವವರು!

ವೇಟ್ ಆದರೂ ಸರಿಯಿದೆಯಾ ನೋಡೋಣ ಅಂತ ಪೇಟೆಯ ಚಿನ್ನದಂಗಡಿಗೆ ಹೋದೆ. 8 ವೇಟ್ ಅಂದರೆ ಮೊದಲ 30 ಅಡಿಯ ತೂಕ 210 ಗ್ರೇನ್, ಅಂದರೆ 13.6 ಗ್ರಾಂ ಇರಬೇಕು. ತಕ್ಕಡಿ ತೋರಿಸಿದ್ದು ಹತ್ತೂವರೆ ಗ್ರಾಂ. ಅದು 6 ವೇಟಿನ ತೂಕ. ಅಕ್ಕಸಾಲಿಗರು ಲೈನನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದಕ್ಕೆ ಗ್ರಾಮಿಗೆ ಎಷ್ಟು?" ಅಂತ ಕೇಳಿದರು. ಲೆಕ್ಕ ಹಾಕಿ ಹೇಳಿದೆ. ಬೆಳ್ಳಿಯೇ ವಾಸಿ ಅಂದರು.

ಗೆಳೆಯರೊಬ್ಬರು ಊರಿಗೆ ಬರುವಾಗ ದುಬೈಯಿಂದ ಸರಿಯಾದ ಲೈನ್ ತಂದುಕೊಟ್ಟರು. ಕಾಸರಗೋಡಿನಲ್ಲಿ ಯಾವ ವಸ್ತು ಬೇಕಾದರೂ ಕೊನೆಗೆ ಬರುವ ದಾರಿ ಇದೇ ಅಲ್ವಾ. ರಾಡ್ ಈಗ ಚೆನ್ನಾಗಿ ಬಾಗುತ್ತದೆ, ಲೈನ್ ಜಾರುತ್ತದೆ. ಗಂಟು ಮಾತ್ರ ಹಾಗೇ ಬೀಳುತ್ತದೆ! ಕ್ಲೌಸರಿನ ಸೀಸದ ಕಣ್ಣುಗಳೇ ಕಾರಣವೇನೋ ಅಂತ ಫ್ಲೈ ಬಿಚ್ಚಿ ಉಲ್ಲನ್ ದಾರದ ತುಂಡು ಕಟ್ಟಿದೆ. ಆಗಲೂ ಗಂಟು. ಗಾಳಿ ಇಲ್ಲದ ಬೆಳಿಗ್ಗೆಯೂ ಗಂಟು.

ಕೊನೆಗೆ ಫೋನನ್ನು ಮುರಕಲ್ಲಿನ ರಾಶಿಗೆ ಒರಗಿಸಿ, ಬದಿಯಿಂದ ನಿಧಾನ ಚಲನೆಯ ವಿಡಿಯೋ ತೆಗೆದೆ. ಕೊಯ್ಲಾದ ಗದ್ದೆಯಲ್ಲಿ. ಪದವಿನ (ಮುರಕಲ್ಲಿನ ಬೋಳು ಬಯಲು) ಮೇಲೆ ಪ್ರಾಕ್ಟೀಸ್ ಮಾಡಬೇಡಿ, ಮುರಕಲ್ಲು ಲೈನಿನ ಕೋಟಿಂಗನ್ನು ತುರಿದು ಹಾಕುತ್ತದೆ. ಅಡಿಕೆ ಹರವಿದ ಅಂಗಳವಂತೂ ಬೇಡವೇ ಬೇಡ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಗದ್ದೆಯ ಕಟ್ಟಹುಣಿಯಲ್ಲಿ ನಿಂತು "ಮೀನ್ ತಿಕ್ಕ್‌ಂಡಾ?" (ಮೀನು ಸಿಕ್ಕಿತಾ?) ಅಂತ ತುಳುವಿನಲ್ಲಿ ವಿಚಾರಿಸಿಕೊಂಡು ಹೋದರು. ಗದ್ದೆಯಲ್ಲಿ ಒಂದು ತೊಟ್ಟು ನೀರಿರಲಿಲ್ಲ.

ವಿಡಿಯೋದಲ್ಲಿ ಎಲ್ಲ ಸ್ಪಷ್ಟ ಇದೆ. ಬ್ಯಾಕ್ ಕಾಸ್ಟ್ (ಲೈನನ್ನು ಹಿಂದಕ್ಕೆ ಎಸೆಯುವುದು) ಚೆನ್ನಾಗಿ ಹೋಗುತ್ತದೆ. ರಾಡ್ ಗಕ್ಕನೆ ನಿಲ್ಲುತ್ತದೆ. ಲೂಪ್ ಹಿಂದಕ್ಕೆ ಬಿಚ್ಚಿಕೊಳ್ಳಲು ಶುರು ಮಾಡುತ್ತದೆ. ಅದು ಅರ್ಧ ದಾರಿಯಲ್ಲಿ ಇರುವಾಗಲೇ ಕೈ ತನ್ನಷ್ಟಕ್ಕೆ ಮುಂದೆ ಜಾರುತ್ತದೆ. ಜಾಸ್ತಿ ಏನಲ್ಲ, ಒಂದು ಗೇಣು. ಬೇಕೆಂದು ಮಾಡುವ ಚಲನೆಯಲ್ಲ. ಮೈಗೆ ಮುಂದಿನ ಕೆಲಸದ ಅವಸರ. ಕಾಸ್ಟಿಂಗ್ ಕಲಿಸುವವರು ಇದನ್ನು ಕ್ರೀಪ್ ಅನ್ನುತ್ತಾರೆ.

ಒಂದು ಗೇಣು ಹೋದರೆ ಏನು ಮಹಾ? ಅಲ್ಲೇ ಇರುವುದು ಕಥೆ. ಮುಂದಿನ ಸ್ಟ್ರೋಕಿಗೆ, ಅಂದರೆ ರಾಡ್ ಬೀಸುವುದಕ್ಕೆ, ಉಳಿಯುವ ಜಾಗ ಅಷ್ಟು ಕಡಿಮೆಯಾಯಿತು. ಆದರೆ ಹೊರಗಿರುವ ಲೈನ್ ಅಷ್ಟೇ ಉದ್ದ, ಅಷ್ಟೇ ಭಾರ. ಹಾಗಾಗಿ ಕೈ ಆ ಸಣ್ಣ ಜಾಗದಲ್ಲೇ ಪೂರ್ತಿ ಶಕ್ತಿಯನ್ನು ಒಮ್ಮೆಗೇ ಸುರಿಯುತ್ತದೆ. ರಾಡ್ ಧಡಕ್ಕನೆ ಬಾಗಿ ತುದಿ ಕೆಳಗೆ ಕುಸಿಯುತ್ತದೆ, ಮತ್ತೆ ಮೇಲೇಳುತ್ತದೆ. ತುದಿ ನೇರ ಗೆರೆಯಲ್ಲಿ ಹೋಗಬೇಕಾದದ್ದು ತೊಟ್ಟಿಲಿನಂತೆ ಕುಳಿ ಬೀಳುತ್ತದೆ. ಲೈನ್ ರಾಡಿನ ತುದಿಯ ಬೆನ್ನು ಹಿಡಿದೇ ಹೋಗುವುದು. ತುದಿ ಕುಸಿದರೆ ಲೂಪೂ ಕುಸಿಯುತ್ತದೆ, ಎಳೆ ಎಳೆಯನ್ನು ದಾಟುತ್ತದೆ, ಗಂಟು ಬೀಳುತ್ತದೆ. ಗಾಳಿ ಇದ್ದಾಗ ಗಂಟು ಜಾಸ್ತಿ ಯಾಕೆ ಅಂದರೆ, ಗಾಳಿಗೆ ಎದುರಾಗಿ ನಾವು ಇನ್ನೂ ಗಟ್ಟಿ ಬೀಸುತ್ತೇವೆ.

ಬಿಲ್ ಮತ್ತು ಜೇ ಗ್ಯಾಮೆಲ್ ಬರೆದ ಕಾಸ್ಟಿಂಗಿನ ಐದು ಸೂತ್ರಗಳಲ್ಲಿ ಇದೆಲ್ಲ ಬಂದುಹೋಗಿದೆ: ಲೈನ್ ಉದ್ದವಾದಂತೆ ಸ್ಟ್ರೋಕೂ ಉದ್ದವಾಗಬೇಕು, ನಡುವಿನ ವಿರಾಮವೂ ಉದ್ದವಾಗಬೇಕು. ಓದಿದ್ದೆವಲ್ಲ, ಎಲ್ಲರೂ ಓದಿರುತ್ತೇವೆ. ಓದಿದ್ದು ತಲೆಗೆ ಹೋಗುತ್ತದೆ, ಭುಜಕ್ಕೆ ಹೋಗುವುದಿಲ್ಲ.

ಪರಿಹಾರದ ಅರ್ಧ ಭಾಗ ಅಮೆರಿಕದ ಕಾಸ್ಟಿಂಗ್ ಗುರು ಲೆಫ್ಟಿ ಕ್ರೇ ಅವರದ್ದು. ಗಡಿಯಾರದ ಹತ್ತು ಗಂಟೆಯಿಂದ ಎರಡು ಗಂಟೆವರೆಗೆ ಮಾತ್ರ ರಾಡ್ ಆಡಿಸಬೇಕು ಎಂಬ ಹಳೆಯ ಪಾಠವನ್ನು ಈ ಮೇರಿಲ್ಯಾಂಡಿನ ಮನುಷ್ಯ 1960ರ ದಶಕದಲ್ಲೇ ಬದಿಗಿಟ್ಟಿದ್ದರು. 2018ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಾತು ಸರಳ: ಕೈ ಮತ್ತು ರಾಡ್ ಹೆಚ್ಚು ದೂರ ಚಲಿಸಿದಷ್ಟೂ ಶ್ರಮ ಕಡಿಮೆ. ಮೊಣಕೈಯನ್ನು ಒಂದು ಅಟ್ಟಣಿಗೆಯ ಮೇಲೆ ಇಟ್ಟುಕೊಂಡ ಹಾಗೆ ಅದೇ ಎತ್ತರದಲ್ಲಿ ಹಿಂದೆ ಮುಂದೆ ಸರಿಸಬೇಕು. ತೋಳೊಂದೇ ಅಲ್ಲ, ಮೈಯೂ ತಿರುಗಬೇಕು. ಬಲಗಾಲು ಹಿಂದೆ, ರಾಡ್ ಸ್ವಲ್ಪ ಬದಿಗೆ ವಾಲಿರಬೇಕು. ಹೀಗೆ ನಿಂತರೆ ಹಿಂದಿನ ಲೂಪ್ ಕಣ್ಣಿಗೆ ಕಾಣುತ್ತದೆ. ಕಂಡರೆ ಅವಸರ ತಾನಾಗಿ ಕಡಿಮೆಯಾಗುತ್ತದೆ.

ಇನ್ನರ್ಧ ಡ್ರಿಫ್ಟ್. ಕಾಸ್ಟಿಂಗ್ ಕಲಿಸುವ ಇನ್ನೊಬ್ಬ ಅಮೆರಿಕನ್ನರಾದ ಜೋನ್ ವುಲ್ಫ್ ಅವರ ಪಾಠದಲ್ಲಿ ಇದಕ್ಕೆ ದೊಡ್ಡ ಜಾಗವಿದೆ. ಬ್ಯಾಕ್ ಕಾಸ್ಟ್ ಗಕ್ಕನೆ ನಿಲ್ಲಿಸಿದ ಮೇಲೆ, ಲೂಪ್ ಬಿಚ್ಚಿಕೊಳ್ಳುತ್ತಿರುವಾಗ, ರಾಡನ್ನು ಬಲ ಹಾಕದೆ ಲೈನಿನ ಜೊತೆ ಇನ್ನೂ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ ಸರಿಸುವುದು. ಕೈಗೆ ಏನಾದರೂ ಕೆಲಸ ಬೇಕಲ್ಲ? ಸುಮ್ನೆ ನಿಲ್ಲು ಅಂದರೆ ಅದು ಕೇಳುವುದಿಲ್ಲ. ಹಿಂದೆ ಹೋಗು ಅಂದರೆ ಕೇಳುತ್ತದೆ. ಕ್ರೀಪ್ ನಿಲ್ಲಿಸುವ ಪ್ರಯತ್ನ ಮಾಡಿ ಸೋತ ಕೈಗೆ ಡ್ರಿಫ್ಟ್ ಕಲಿಸಿದರೆ ಕ್ರೀಪಿಗೆ ಜಾಗವೇ ಉಳಿಯುವುದಿಲ್ಲ. ಹೋದ ಒಂದು ಗೇಣು ವಾಪಸ್, ಮೇಲೆ ಇನ್ನೊಂದು ಗೇಣು ಬಡ್ಡಿ. ಲೈನಿನ ಕೊನೆಯ ತುಂಡು ಇನ್ನೂ ಕೊಕ್ಕೆಯ ಆಕಾರದಲ್ಲಿ ಇರುವಾಗ ಮುಂದಿನ ಸ್ಟ್ರೋಕ್ ಶುರು ಮಾಡಿ. ಪೂರ್ತಿ ನೇರವಾಗುವವರೆಗೆ ಕಾದರೆ ಅದು ಬೀಳಲು ತೊಡಗುತ್ತದೆ.

ಮನೆಪಾಠ ಒಂದು ಹೇಳುತ್ತೇನೆ. ರಾಡನ್ನು ನೆಲಕ್ಕೆ ಸಮಾನಾಂತರ ಹಿಡಿದು, ಸೊಂಟದ ಎತ್ತರದಲ್ಲಿ ಅಡ್ಡಕ್ಕೆ ಕಾಸ್ಟ್ ಮಾಡಿ. ಪ್ರತಿ ಸಲವೂ ಲೈನನ್ನು ಹುಲ್ಲಿನ ಮೇಲೆ ಬೀಳಲು ಬಿಡಿ. ಮುಂದೆ ಒಮ್ಮೆ, ಹಿಂದೆ ಒಮ್ಮೆ. ತಲೆಯ ಮೇಲೆ ಕಾಣದೇ ಹೋಗುವ ಲೂಪ್ ಈಗ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ರಾಡಿನ ತುದಿ ಎಲ್ಲಿ ಕುಸಿಯಿತು ಅಂತ ಹುಲ್ಲಿನ ಮೇಲಿನ ಗೆರೆಯೇ ಹೇಳುತ್ತದೆ. 25 ಅಡಿ ಲೈನ್ ಸಾಕು, ಗದ್ದೆಯ ಒಂದು ಮೂಲೆ ಸಾಕು. ನನ್ನ ಮಟ್ಟಿಗೆ ದೂರ ಎಸೆಯುವ ಗೀಳಿಗಿಂತ ಇದರಿಂದ ಆದ ಉಪಕಾರ ದೊಡ್ಡದು.

ಆಮೇಲೆ ಅಳಿವೆಗೆ ಹೋದದ್ದು ಬೇಕೆಂದೇ ಸಂಜೆ, ಪಡುಗಾಳಿ ಜೋರಿರುವಾಗ. ಬ್ಯಾಕ್ ಕಾಸ್ಟನ್ನು ಮೇಲಕ್ಕೆ, ಮುಂದಿನದನ್ನು ತಗ್ಗಿಸಿ ನೀರಿನ ಹತ್ತಿರಕ್ಕೆ ಕಳಿಸಿದೆ. ಗಾಳಿ ನೀರಿನ ಮೇಲ್ಮೈಯ ಹತ್ತಿರ ಸ್ವಲ್ಪ ಮೆದು ಇರುತ್ತದೆ. ಫ್ಲೈ ಬೇರಿನ ಬುಡಕ್ಕೆ ಹೋಗಿ ಬಿತ್ತು. ಭುಜ ನೋಯಲಿಲ್ಲ. ಕತ್ತಲಾಗುವವರೆಗೆ ಎಸೆದು ಲೀಡರನ್ನು ಬೆರಳುಗಳ ನಡುವೆ ಎಳೆದು ನೋಡಿದರೆ ಒಂದೂ ಗಂಟಿಲ್ಲ. ಕೆಂಬೇರಿ ಒಂದು ಬಂತು, ಅಂಗೈಯಷ್ಟಿನದ್ದು, ಕೋಪ ಮಾತ್ರ ಅಪ್ಪನಷ್ಟು. ವಾಪಸ್ ಬಿಟ್ಟೆ.

ಹೊಸ ತಲೆನೋವು ಅಂದರೆ ಕಾಲಬುಡ. ಎಳೆದ ಲೈನ್ ಕೆಸರಲ್ಲಿ ಬಿದ್ದು ಕಾಂಡ್ಲಾದ ಉಸಿರುಬೇರುಗಳಿಗೆ ಸುತ್ತಿಕೊಳ್ಳುತ್ತದೆ, ಮರುವಾಯಿ ಚಿಪ್ಪಿಗೆ ತಾಗಿ ಕೋಟಿಂಗ್ ಹೋಗುತ್ತದೆ. ದುಬೈಯಿಂದ ಬಂದ ಲೈನಿಗೆ ಆ ಗತಿ ಬರಬಾರದು. ಎಳೆದ ಲೈನನ್ನು ಹಾಕಿಕೊಳ್ಳಲು ಸೊಂಟಕ್ಕೆ ಕಟ್ಟುವ ಡಬ್ಬ, ಸ್ಟ್ರಿಪ್ಪಿಂಗ್ ಬಾಸ್ಕೆಟ್, ಬೇಕು. ಅಂಗಡಿಯದ್ದರ ಬೆಲೆ ನೋಡಿ ಪುಟ ಮುಚ್ಚಿದೆ. ಪ್ಲಾಸ್ಟಿಕ್ ಡಬ್ಬಕ್ಕೆ ಅಷ್ಟೊಂದು ಕೊಡುವುದಕ್ಕೆ ನಮ್ಮ ತೋಟದಲ್ಲಿ ಹಾಳೆಗೆ ಬರವಾ?

ಹಾಗಾಗಿ ಮುಂದಿನ ಯೋಜನೆ ಅಡಿಕೆ ಹಾಳೆಯ ಬಾಸ್ಕೆಟ್. ಅಗಲದ ಹಾಳೆ ಆರಿಸಿ ನೀರಲ್ಲಿ ನೆನೆಸಿದರೆ ಬೇಕಾದ ಹಾಗೆ ಬಾಗುತ್ತದೆ, ಮಡಚಿ ಹೊಲಿದು ಒಣಗಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಹಗುರ, ಸೊಂಟಕ್ಕೆ ಕಟ್ಟಲು ಬೆಲ್ಟ್ ಒಂದು ಸಾಕು. ನೀರು ಇಳಿಯಲು ಅಡಿಯಲ್ಲಿ ತೂತು ಕೊಟ್ಟರಾಯಿತು. ಉಪ್ಪುನೀರಿಗೆ ಎಷ್ಟು ಸಮಯ ಬಾಳುತ್ತದೆ ಅಂತ ಪರೀಕ್ಷಿಸಬೇಕು. ಹಾಳಾದರೆ ಇನ್ನೊಂದು ಹಾಳೆ ಬಿದ್ದೇ ಬೀಳುತ್ತದೆ. ಒಳಗೆ ಲೈನ್ ಸಿಕ್ಕಾಗದಂತೆ ಮುಳ್ಳು ನಿಲ್ಲಿಸಬೇಕಲ್ಲ, ಅದಕ್ಕೆ ಕೇಬಲ್ ಟೈ ಹಾಕುವ ಯೋಚನೆ. ಹಾಳೆಯ ದಪ್ಪಕ್ಕೆ ಟೈ ಅಲುಗಾಡದೆ ನಿಲ್ಲುತ್ತದಾ, ಅಥವಾ ಅಡಿಗೆ ಎರಡನೇ ಹಾಳೆ ಕೊಡಬೇಕಾ? ಮಾಡಿ ನೋಡಿದವರಿದ್ದರೆ ತಿಳಿಸಿ. ಟೈಯ ಉದ್ದ ಎಷ್ಟು ಇಟ್ಟಿರಿ ಅನ್ನುವುದನ್ನೂ ಹೇಳಿ.