ಅಲ್ಲಾಡಿಸಬೇಡಿ ಅಂದಿದ್ದರು ಸಿಸ್ಟರ್

ಚಿಕ್ಕಪ್ಪನಿಗೆ ಹಾವು ಕಚ್ಚಿದ್ದು ಕಳೆದ ವರ್ಷ ಜುಲೈಯಲ್ಲಿ, ಕೊಟ್ಟಿಗೆ ಪಕ್ಕದ ಸೌದೆ ರಾಶಿಗೆ ಕೈ ಹಾಕಿದಾಗ. ಸೋಮವಾರಪೇಟೆ ಕಡೆಯ ಮಳೆ ಹೇಗಿರುತ್ತೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಕರೆಂಟು ಹೋಗಿ ಮೂರು ದಿನ ಆಗಿತ್ತು. ಮುಂಗೈಗೆ ಬೈರಾಸು ಬಿಗಿದು, ಜೀಪಿಗೆ ಹತ್ತಿಸಿ, ದಾರಿಯಲ್ಲಿ ಬಿದ್ದಿದ್ದ ಮರದ ಕೊಂಬೆ ಕಡಿದು ಪಕ್ಕಕ್ಕೆ ಎಳೆದು ಆಸ್ಪತ್ರೆ ಮುಟ್ಟುವಾಗ ರಾತ್ರಿ ಎಂಟೂವರೆ. ಯಾವ ಆಸ್ಪತ್ರೆ ಅಂತ ಬೇಡ ಬಿಡಿ.

ಕ್ಯಾಜುವಾಲ್ಟಿಯಲ್ಲಿ ಇದ್ದದ್ದು ಒಬ್ಬರು ಡಾಕ್ಟರು, ಇಬ್ಬರು ಸಿಸ್ಟರ್. ಅದರಲ್ಲಿ ಒಬ್ಬಳು ಆಗತಾನೇ ಕೆಲಸಕ್ಕೆ ಸೇರಿದ ಹುಡುಗಿ. ನಾನು ಒಳಗೆ ಹೋದವನೇ ಕೂಗಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ದೊಡ್ಡ ಸಿಸ್ಟರ್ ತಿರುಗಿ ಒಂದು ಮಾತೂ ಆಡಲಿಲ್ಲ. ಬೈರಾಸು ನೋಡಿ ಮಾತ್ರ ಬೈದರು. 'ಇಷ್ಟು ಬಿಗಿದ್ರೆ ಹಾವಿಗಿಂತ ಮೊದ್ಲು ಇದೇ ಕೈ ತಗೊಂಡು ಹೋಗುತ್ತೆ ಅಣ್ಣಾ.'

ಆಮೇಲೆ ಅವರು ಚಿಕ್ಕಪ್ಪನ ರಕ್ತ ತೆಗೆದು ಸಣ್ಣ ಗಾಜಿನ ಟ್ಯೂಬಿಗೆ ಹಾಕಿ ಕಿಟಕಿ ಪಕ್ಕ ನಿಲ್ಲಿಸಿದರು. 'ಇಪ್ಪತ್ತು ನಿಮಿಷ ಯಾರೂ ಅಲ್ಲಾಡಿಸಬೇಡಿ.' ಅಷ್ಟರಲ್ಲಿ ರಕ್ತ ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ಏರಿದೆ ಅಂತ ಲೆಕ್ಕವಂತೆ. ಇಪ್ಪತ್ತು ನಿಮಿಷ ಕಳೆದು ಟ್ಯೂಬು ಓರೆ ಮಾಡಿದರೆ ನೀರಿನ ಹಾಗೆ ಹರಿಯಿತು. ಚಿಕ್ಕಪ್ಪ 'ನಾನು ಆಗ್ಲೇ ಹೇಳಿದ್ನಲ್ಲ, ಕೊಳಕುಮಂಡಲ' ಅಂದರು, ಪಂದ್ಯ ಗೆದ್ದವರ ಹಾಗೆ.

ವಿಷದ ಮದ್ದು ಅಂದರೆ ಒಂದು ಇಂಜೆಕ್ಷನ್ ಅಂದುಕೊಂಡಿದ್ದೆ. ಮೊದಲಿಗೇ ಹತ್ತು ಬಾಟ್ಲಿ. ಒಂದೊಂದರಲ್ಲೂ ಪುಡಿ, ಅದಕ್ಕೆ ನೀರು ಹಾಕಿ ಕರಗಿಸಬೇಕು. ಜೋರಾಗಿ ಕುಲುಕಿದರೆ ನೊರೆ ಬರುತ್ತೆ, ಹಾಗಾಗಿ ಅಂಗೈ ನಡುವೆ ಇಟ್ಟು ಮೆಲ್ಲಗೆ ಉರುಳಿಸಬೇಕು. ಸಿಸ್ಟರ್ ಬಾಯಿಗೆ ಮುಚ್ಚಳ ಕಚ್ಚಿಕೊಂಡು ಒಂದಾದ ಮೇಲೆ ಒಂದು ಉರುಳಿಸುತ್ತಾ ಇದ್ದರು. ಡ್ರಿಪ್ ಶುರುವಾದ ಮೇಲೂ ಬಿಡುವಿಲ್ಲ, ಕೆಲವರಿಗೆ ಮದ್ದೇ ಒಗ್ಗದೆ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ ಬಿಪಿ ಇಳಿದುಬಿಡುತ್ತಂತೆ, ಅದಕ್ಕೇ ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೆ ನಾಡಿ, ಬಿಪಿ ನೋಡಬೇಕು, ಹಾಗಾದರೆ ತಕ್ಷಣ ಚುಚ್ಚುವುದಕ್ಕೆ ಅಡ್ರಿನಲಿನ್ ಸಿರಿಂಜು ತುಂಬಿ ಕೈಗೆ ಸಿಗುವ ಹಾಗೆ ಇಟ್ಟಿರಬೇಕು. ಅಂದರೆ ನಮ್ಮ ಚಿಕ್ಕಪ್ಪ ಒಬ್ಬರಿಗೇ ಒಬ್ಬ ಸಿಸ್ಟರ್ ಪೂರ್ತಿ.

ಉಳಿದವರಿಗೆ ಆ ಹೊಸ ಹುಡುಗಿ. ತೋಟದ ಕೆಲಸದವರ ಲೈನ್‌ಮನೆಯ ಒಂದು ಮಗು ಗೊರಗೊರ ಉಸಿರೆಳೆಯುತ್ತಿತ್ತು, ಅವಳು ಅದಕ್ಕೆ ನೆಬ್ಯುಲೈಜರ್ ಹಿಡಿದಿದ್ದಳು. ಡಾಕ್ಟರು ಬೈಕಿನಿಂದ ಬಿದ್ದವನ ಹಣೆ ಹೊಲಿಯುತ್ತಿದ್ದರು. ಬಾಗಿಲ ಬಳಿ ಬೆಂಚಿನಲ್ಲಿ ಒಬ್ಬ ಅಜ್ಜ ಒದ್ದೆ ಕೊಡೆ ಹಿಡಿದು ಸುಮ್ನೆ ಕೂತಿದ್ದರು. 'ಗ್ಯಾಸ್ಟ್ರಿಕ್ ಇರಬೇಕು, ಅವರದೆಲ್ಲ ಮುಗೀಲಿ' ಅಂದರು ನನ್ನ ಹತ್ತಿರ. ನಾನೂ ಹೌದು ಅಂದೆ. ನಲವತ್ತು ನಿಮಿಷ ಆದ ಮೇಲೆ ದೊಡ್ಡ ಸಿಸ್ಟರ್ ಹತ್ತಿ ತರಲು ಆ ಕಡೆ ಹೋದವರು ಅವರ ಹಣೆಯ ಬೆವರು ನೋಡಿ ನಿಂತರು. ಆ ಚಳಿಯಲ್ಲಿ ಬೆವರು! ಇಸಿಜಿ ಮಾಡಿದರೆ ಹಾರ್ಟ್ ಅಟ್ಯಾಕು.

ಅವತ್ತಿನಿಂದ ನನಗೆ ಚುಚ್ಚುವುದು ಇದೇ. ನಾನು ಕೂಗಾಡಿ ಒಬ್ಬ ಸಿಸ್ಟರ್‌ನ ನಮ್ಮ ಕಡೆ ಎಳೆದುಕೊಂಡಿದ್ದೆ. ಅಜ್ಜ ಕೂಗಾಡಲಿಲ್ಲ. ಬಂದವರನ್ನು ಬಾಗಿಲಲ್ಲೇ ನೋಡಿ ಯಾರು ಮೊದಲು, ಯಾರು ಆಮೇಲೆ ಅಂತ ಹೇಳುವುದಕ್ಕೆ ಅಲ್ಲಿ ಒಂದು ಜನ ಹೆಚ್ಚಿಗೆ ಇರಲಿಲ್ಲ.

ನನ್ನ ಜೊತೆ ಓದಿದವಳೊಬ್ಬಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನರ್ಸು. ಅವಳಿಗೆ ಇದನ್ನೆಲ್ಲ ಫೋನಲ್ಲಿ ಹೇಳಿದೆ. ಒಬ್ಬ ನರ್ಸಿಗೆ ಎಷ್ಟು ರೋಗಿ ಅನ್ನುವುದಕ್ಕೆ ಅಲ್ಲಿ 1999ರಲ್ಲೇ ಕಾನೂನು ಮಾಡಿ, 2004ರಿಂದ ಜಾರಿಗೆ ತಂದಿದ್ದಾರೆ. ಎಮರ್ಜೆನ್ಸಿಯಲ್ಲಿ ನಾಲ್ಕು ರೋಗಿಗೆ ಒಬ್ಬ ನರ್ಸು, ತೀರಾ ಸೀರಿಯಸ್ಸಾದರೆ ಇಬ್ಬರಿಗೆ ಒಬ್ಬರು, ದೊಡ್ಡ ಅಪಘಾತದ ಗಾಯವಾದರೆ ಒಬ್ಬರಿಗೆ ಒಬ್ಬರು. ಬಾಗಿಲಲ್ಲಿ ವಿಂಗಡಿಸುವ ನರ್ಸನ್ನು ಈ ಲೆಕ್ಕಕ್ಕೆ ಸೇರಿಸುವ ಹಾಗೇ ಇಲ್ಲವಂತೆ. ನಮ್ಮ ಆ ರಾತ್ರಿಯನ್ನು ತಲೆ ಎಣಿಸಿ ನೋಡಿದರೆ ನಾಲ್ಕು ರೋಗಿ, ಇಬ್ಬರು ಸಿಸ್ಟರ್, ಅಲ್ಲಿಗಿಂತ ವಾಸಿ! ಆದರೆ ಹಾವಿನ ಕಡಿತ ಒಂದು ತಲೆ ಅಲ್ಲ, ಅಲ್ವಾ?

ಅಜ್ಜನನ್ನು ಮೈಸೂರಿಗೆ ಕಳಿಸಬೇಕಿತ್ತು. 108 ಇನ್ನೊಂದು ಕಡೆ ಹೋಗಿತ್ತು, ಆಸ್ಪತ್ರೆ ಗಾಡಿಯಲ್ಲೇ ಹೊರಡಿಸಿದರು. ಜೊತೆಗೆ ಯಾರಾದರೂ ಇರಬೇಕಲ್ಲ, ಹೊಸ ಹುಡುಗಿ ಹತ್ತಿದಳು. ಕ್ಯಾಜುವಾಲ್ಟಿಗೆ ಉಳಿದದ್ದು ಒಬ್ಬರೇ. ಮಗುವಿನ ಅಮ್ಮನಿಗೆ ಮಾಸ್ಕ್ ಹಿಡಿಯುವುದು ಹೇಗೆ ಅಂತ ತೋರಿಸಿ, ನನ್ನ ಕೈಗೆ ಒಂದು ಪೆನ್ನು ಕೊಟ್ಟು, 'ನಿಮ್ಮ ಚಿಕ್ಕಪ್ಪ ತುರಿಸಿಕೊಂಡ್ರೆ, ನಡುಗಿದ್ರೆ ಆಗ ಕೂಗಿ, ಈಗ ಟೈಮ್ ಬರ್ಕೊಳ್ಳಿ' ಅಂದರು. ಬೆಳಗಿನವರೆಗೆ ಬರೆದೆ.

ಎಂಟು ಗಂಟೆಗೆ ಡ್ಯೂಟಿ ಬದಲಾಗಬೇಕಿತ್ತು. ರಸ್ತೆಗೆ ಮರ ಬಿದ್ದು ಬಸ್ಸು ನಿಂತಿದೆ ಅಂತ ಫೋನ್ ಬಂತು. ಸಿಸ್ಟರ್ ಕೆನೆ ಕಟ್ಟಿದ ಟೀಯನ್ನು ಹಾಗೇ ಕುಡಿದು, ಹೊಸ ಗ್ಲೌಸ್ ಹಾಕಿಕೊಂಡರು.