ಒಂದು ಲೈಟ್‌ಹೌಸ್ ನೋಡಿದರೆ ಎಲ್ಲಾ ನೋಡಿದಂತಲ್ಲವೇ?

ಬೇಸಿಗೆ ಬಂತೆಂದರೆ ಅಮೆರಿಕದ ಮಿಶಿಗನ್ ಸರೋವರದ ದಂಡೆಯುದ್ದಕ್ಕೂ ಹಳೆಯ ಲೈಟ್‌ಹೌಸ್‌ಗಳನ್ನು ಹುಡುಕಿಕೊಂಡು ತಿರುಗುವುದು ನನ್ನ ಹುಚ್ಚು. ಇದು ಗೊತ್ತಿರುವವರೆಲ್ಲ, ಊರಿಂದ ಬಂದ ನೆಂಟರಿರಲಿ, ಇಲ್ಲಿನ ಕನ್ನಡ ಕೂಟದ ಗೆಳೆಯರಿರಲಿ, ಕೇಳುವುದು ಒಂದೇ: “ಒಂದು ನೋಡಿದ್ರೆ ಸಾಲದಾ? ಎಲ್ಲಾ ಒಂದೇ ಥರ ತಾನೇ ಇರೋದು?” ಅದರ ಬೆನ್ನಿಗೇ ಇನ್ನೊಂದು: “ಅಷ್ಟಕ್ಕೂ ಕೆರೆಗ್ಯಾಕೆ ಲೈಟ್‌ಹೌಸು?”

ಎರಡನೆಯದನ್ನು ಮೊದಲು ಮುಗಿಸಿಬಿಡುತ್ತೇನೆ. ಇದು ಕೆರೆಯಲ್ಲ. ಉದ್ದ 494 ಕಿಲೋಮೀಟರ್. ಕಾರವಾರದಿಂದ ಮಂಗಳೂರಿನ ಆಚೆಯವರೆಗಿನ ನಮ್ಮ ಇಡೀ ಕರಾವಳಿ ಇರುವುದೇ ಸುಮಾರು 320. ಅಗಲ ಕೆಲವು ಕಡೆ 190 ಕಿಲೋಮೀಟರ್, ಆಳ 281 ಮೀಟರ್‌ವರೆಗೆ. ಕರ್ನಾಟಕದ ವಿಸ್ತೀರ್ಣದ ಶೇಕಡಾ 30ರಷ್ಟು ಜಾಗವನ್ನು ಈ ನೀರೇ ಮುಚ್ಚಬಲ್ಲದು. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಸಮುದ್ರದಲ್ಲಿ ಬಿರುಗಾಳಿ ಎದ್ದರೆ ಹಡಗಿನವರು ದಡದಿಂದ ದೂರ ಹೋಗಿ ಬಚಾವಾಗಬಹುದು. ಸರೋವರದಲ್ಲಿ ದೂರ ಎಂಬುದೇ ಇಲ್ಲ. ಒಂದು ದಡದಿಂದ ತಪ್ಪಿಸಿಕೊಂಡರೆ ಕೆಲವೇ ಗಂಟೆಗಳಲ್ಲಿ ಇನ್ನೊಂದು ದಡ ಎದುರಾಗುತ್ತದೆ. ಅಲೆಗಳೂ ಹಾಗೇ, ಸಮುದ್ರದಷ್ಟು ಉದ್ದವಲ್ಲ, ಗಿಡ್ಡ ಮತ್ತು ಕಡಿದು. ಒಂದರ ಬೆನ್ನಿಗೆ ಇನ್ನೊಂದು ಬಡಿಯುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ನೀರಿನ ಮೇಲೆ ಷಿಕಾಗೋದಿಂದ ಧಾನ್ಯ ಹೊರಡುತ್ತಿತ್ತು, ಮಿಶಿಗನ್ ಕಾಡುಗಳಿಂದ ಷಿಕಾಗೋಗೆ ಮರಮುಟ್ಟು ಹೋಗುತ್ತಿತ್ತು. ಬಹಳಷ್ಟು ಹಾಯಿಹಡಗುಗಳು, ರೇಡಾರ್ ಇಲ್ಲ, ರೇಡಿಯೋ ಇಲ್ಲ. ದೀಪ ಬೇಕೇ ಬೇಕಿತ್ತು. ಈಗ ಮಿಶಿಗನ್ ರಾಜ್ಯವೊಂದರಲ್ಲೇ ನೂರಕ್ಕೂ ಹೆಚ್ಚು ಲೈಟ್‌ಹೌಸ್‌ಗಳಿವೆ. ಅಮೆರಿಕದ ಬೇರಾವ ರಾಜ್ಯದಲ್ಲೂ ಅಷ್ಟಿಲ್ಲ.

ಇನ್ನು ಮೊದಲ ಪ್ರಶ್ನೆ. ಎಲ್ಲಾ ಒಂದೇ ಥರ ಇರುತ್ತವೆಯೇ? ಒಂದೇ ಥರ ಇದ್ದಿದ್ದರೆ ಜನ ಸಾಯುತ್ತಿದ್ದರು. ಕತ್ತಲಲ್ಲಿ ಒಂದು ಬೆಳಕು ಕಂಡರೆ ನಾವಿಕನಿಗೆ “ಅಗೋ ದಡ” ಎಂದು ಗೊತ್ತಾದರಷ್ಟೇ ಸಾಲದು, ಯಾವ ದಡ ಎಂದು ಗೊತ್ತಾಗಬೇಕು. ಪಕ್ಕದ ದೀಪವನ್ನು ಇದೇ ಎಂದುಕೊಂಡು ತಿರುಗಿದರೆ ಹಡಗು ನೇರ ಮರಳದಿಬ್ಬಕ್ಕೆ. ಹಾಗಾಗಿ ಅಕ್ಕಪಕ್ಕದವು ಒಂದನ್ನೊಂದು ಹೋಲದಂತೆ ಬೇಕೆಂದೇ ಮಾಡಿದ್ದಾರೆ. ಹಗಲಲ್ಲಿ ಬಣ್ಣ ಮತ್ತು ಆಕಾರ, ರಾತ್ರಿ ಮಿನುಗುವ ಲಯ: ಒಂದು ನಿಶ್ಚಲ ಬಿಳಿ, ಇನ್ನೊಂದು ಇಷ್ಟು ಸೆಕೆಂಡಿಗೊಮ್ಮೆ ಮಿನುಗುವುದು, ಮತ್ತೊಂದು ಕೆಂಪು. ಎಲ್ಲ ದೀಪಗಳ ಗುರುತು, ಎತ್ತರ, ಬಣ್ಣಗಳನ್ನು ಬರೆದ ‘ಲೈಟ್ ಲಿಸ್ಟ್’ ಎಂಬ ಪುಸ್ತಕವನ್ನು ಅಮೆರಿಕದ ಕೋಸ್ಟ್ ಗಾರ್ಡ್ ಇಂದಿಗೂ ಹೊರತರುತ್ತದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ ಕೆಂಪು ಬಣ್ಣದ್ದು. ಮಿಶಿಗನ್ ರಾಜ್ಯದ ಹಾಲೆಂಡ್ ಎಂಬ ಊರಿನ ಲೈಟ್‌ಹೌಸ್ ಅಚ್ಚ ಕೆಂಪು. ಊರವರು ಪ್ರೀತಿಯಿಂದ ‘ಬಿಗ್ ರೆಡ್’ ಎನ್ನುತ್ತಾರೆ. ಕ್ಯಾಲೆಂಡರ್, ಟೀ ಶರ್ಟ್, ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್, ಎಲ್ಲದರ ಮೇಲೂ ಅದೇ. ಚೆಂದಕ್ಕೆ ಬಳಿದದ್ದಲ್ಲ. 1956ರಲ್ಲಿ ನಿಯಮಕ್ಕಾಗಿ ಬಳಿದದ್ದು: ಅಮೆರಿಕದಲ್ಲಿ ಹಡಗು ನೀರಿನ ಕಡೆಯಿಂದ ಬಂದರಿಗೆ ಮರಳುವಾಗ ಕೆಂಪು ಗುರುತು ಬಲಗಡೆ ಇರಬೇಕು. ಮಿಶಿಗನ್ ರಾಜ್ಯದ ಈ ದಂಡೆ ಸರೋವರದ ಪೂರ್ವಕ್ಕಿದೆ. ಬಂದರಿಗೆ ಬರುವವನ ಮುಖ ಪೂರ್ವಕ್ಕೆ, ಬಲಗೈ ದಕ್ಷಿಣಕ್ಕೆ. ಹಾಗಾಗಿ ಹಾಲೆಂಡ್, ಗ್ರ್ಯಾಂಡ್ ಹೇವನ್, ಸೌತ್ ಹೇವನ್, ಮಸ್ಕೀಗನ್ ಎಲ್ಲ ಕಡೆಯೂ ಬಂದರಿನ ಬಾಯಲ್ಲಿ ನೀರಿನೊಳಗೆ ಚಾಚಿದ ದಕ್ಷಿಣದ ಕಟ್ಟೆಯ ಮೇಲಿನ ಲೈಟ್‌ಹೌಸ್ ಕೆಂಪು. ಈಗ ಸರೋವರ ದಾಟಿ ಎದುರಿನ ವಿಸ್ಕಾನ್ಸಿನ್ ದಂಡೆಗೆ ಹೋಗಿ. ಅಲ್ಲಿ ಬಂದರಿಗೆ ಬರುವವನ ಮುಖ ಪಶ್ಚಿಮಕ್ಕೆ, ಬಲಗೈ ಉತ್ತರಕ್ಕೆ. ಕೆನೋಷಾ, ಆಲ್ಗೋಮಾಗಳಲ್ಲಿ ಕೆಂಪು ಲೈಟ್‌ಹೌಸ್ ಇರುವುದು ಉತ್ತರದ ಕಟ್ಟೆಯ ಮೇಲೆ. ಇದು ತಿಳಿದ ಮೇಲೆ ಯಾವ ಊರಿಗೆ ಹೋದರೂ ಫೋಟೋ ತೆಗೆಯುವ ಮೊದಲು ಒಮ್ಮೆ ದಿಕ್ಕು ನೋಡಿಕೊಳ್ಳುತ್ತೇನೆ. ಅಂದಹಾಗೆ ಭಾರತದಲ್ಲಿ ಇದು ತಿರುಗುಮುರುಗು. ನವಮಂಗಳೂರು ಬಂದರಿಗೆ ಬರುವ ಹಡಗಿಗೆ ಕೆಂಪು ಎಡಗಡೆ ಸಿಗಬೇಕು. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪೈನ್ಸ್ ಒಂದು ಕಡೆಯಾದರೆ ಉಳಿದ ಜಗತ್ತು ಇನ್ನೊಂದು ಕಡೆ.

ಬಣ್ಣದ ಮಾತು ಬಂದಾಗ ಸೇಬಲ್ ಜೋಡಿಯನ್ನು ಹೇಳಲೇಬೇಕು. ಮಿಶಿಗನ್ ರಾಜ್ಯದ ಲಡಿಂಗ್ಟನ್ ಊರಿನ ಉತ್ತರಕ್ಕೆ ಬಿಗ್ ಸೇಬಲ್, ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದಲ್ಲಿ ಲಿಟಲ್ ಸೇಬಲ್. ಒಂದು 1867ರದು, ಇನ್ನೊಂದು 1874ರದು. ಎರಡೂ ನೂರು ಅಡಿ ಮೀರಿದ ಇಟ್ಟಿಗೆ ಗೋಪುರಗಳು, ಎರಡೂ ಮರಳದಿಬ್ಬಗಳ ನಡುವೆ. ಆದರೆ ಬಿಗ್ ಸೇಬಲ್‌ನ ಇಟ್ಟಿಗೆ ಗಾಳಿ-ಹಿಮಕ್ಕೆ ಉದುರತೊಡಗಿದಾಗ 1900ರಲ್ಲಿ ಇಡೀ ಗೋಪುರಕ್ಕೆ ಉಕ್ಕಿನ ತಗಡಿನ ಕವಚ ತೊಡಿಸಿದರು. ಬಿಳಿ ಮೈ, ನಡುವೆ ದಪ್ಪ ಕಪ್ಪು ಪಟ್ಟೆ. ಲಿಟಲ್ ಸೇಬಲ್ ಈಗ ಬರಿಮೈ ಕೆಂಪಿಟ್ಟಿಗೆ. ದೀಪ ನೋಡಿಕೊಳ್ಳುತ್ತಿದ್ದ ಕಾವಲುಗಾರನ ಮನೆಯನ್ನು 1950ರ ದಶಕದಲ್ಲಿ ಕೆಡವಿದ್ದರಿಂದ ಮರಳಿನಲ್ಲಿ ಒಂಟಿಯಾಗಿ ನಿಂತಿದೆ. ಎಲ್ಲರೂ ಬಿಗ್ ಸೇಬಲ್‌ಗೆ ಓಡುತ್ತಾರೆ, ಪಟ್ಟೆ ಫೋಟೋದಲ್ಲಿ ಚೆನ್ನಾಗಿ ಬರುತ್ತದಲ್ಲ. ನನ್ನನ್ನು ಕೇಳಿದರೆ ಲಿಟಲ್ ಸೇಬಲ್ಲೇ ಮೇಲು, ಯಾಕೆಂದರೆ ಅದರ ಹಳೆಯ ಫ್ರೆನೆಲ್ ಲೆನ್ಸ್ ಇನ್ನೂ ತಲೆಯ ಮೇಲೇ ಇದೆ. ಬಹಳಷ್ಟು ಕಡೆ ಲೆನ್ಸ್ ಇಳಿಸಿ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ.

ಫ್ರೆಂಚ್ ವಿಜ್ಞಾನಿ ಆಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ಈ ಲೆನ್ಸ್ ಒಂದೇ ಗಾಜಿನ ಗುಂಡಲ್ಲ. ಉಂಗುರದ ಮೇಲೆ ಉಂಗುರದಂತೆ ಜೋಡಿಸಿದ ಪಟ್ಟಕಗಳು. ಎಲ್ಲ ದಿಕ್ಕಿಗೆ ಚೆಲ್ಲಿಹೋಗುವ ಬೆಳಕನ್ನು ಬಗ್ಗಿಸಿ ದಿಗಂತದತ್ತ ಒಂದೇ ಮಟ್ಟದಲ್ಲಿ ಕಳಿಸುತ್ತವೆ. ಹಾಗಾಗಿಯೇ ಒಂದು ಎಣ್ಣೆದೀಪ ಇಪ್ಪತ್ತು-ಮೂವತ್ತು ಕಿಲೋಮೀಟರ್ ದೂರಕ್ಕೆ ಕಾಣುತ್ತಿತ್ತು. ಹಗಲಲ್ಲಿ ಕಾವಲುಗಾರರು ಮೇಲಿನ ಕೋಣೆಯ ಕಿಟಕಿಗೆಲ್ಲ ಪರದೆ ಎಳೆಯುತ್ತಿದ್ದರು. ಬೆಳಕನ್ನು ಹೊರಗೆ ಎಸೆಯುವ ಗಾಜು ಬಿಸಿಲನ್ನು ಒಳಗೂ ಸೇರಿಸುತ್ತದೆ, ಬೆಂಕಿ ಹೊತ್ತಿಕೊಳ್ಳುವ ಭಯ.

ಲಿಟಲ್ ಸೇಬಲ್‌ನ ಹತ್ತಿರದ ನೀರು ಎಂಥದ್ದೆಂದು ತಿಳಿಯಲು 1940ರ ನವೆಂಬರ್ 11ರ ಬಿರುಗಾಳಿ ಸಾಕು. ಈ ದಂಡೆಗೆ ಪಡುವಣ ಗಾಳಿ ನೇರ ಬಡಿಯುತ್ತದೆ. ತಪ್ಪಿಸಿಕೊಳ್ಳಲು ಕೊಲ್ಲಿಗಳಿಲ್ಲ, ಇರುವ ಬಂದರುಗಳು ನದಿಯ ಬಾಯಿ ಅಗೆದು ಮಾಡಿದ ಕಿರಿದಾದ ಕಾಲುವೆಗಳು. ಅಂದು ಪೆಂಟ್‌ವಾಟರ್ ಊರಿನ ಆಚೆ ವಿಲಿಯಂ ಬಿ. ಡೇವಾಕ್, ಆನಾ ಸಿ. ಮಿಂಚ್ ಎಂಬ ಎರಡು ಸರಕುಹಡಗುಗಳು ಮುಳುಗಿದವು, ಒಬ್ಬರೂ ಉಳಿಯಲಿಲ್ಲ. ಮೂರನೆಯದು ನೋವಾಡಾಕ್, ದಡದ ಹತ್ತಿರ ಸಿಕ್ಕಿಬಿದ್ದು ಎರಡಾಗಿ ಮುರಿಯಿತು. ಅದರಲ್ಲಿ ಬದುಕಿದ್ದ 17 ಜನರನ್ನು ಊರಿನ ಮೀನುಗಾರರು ತಮ್ಮ ದೋಣಿಯಲ್ಲಿ ಹೋಗಿ ಕರೆತಂದರು. ಆ ದಿನ ಲೈಟ್‌ಹೌಸ್‌ಗಳೆಲ್ಲ ಇದ್ದವು. ಇದ್ದೂ ಇಷ್ಟಾಯಿತು. ಇಲ್ಲದಿದ್ದ ಕಾಲವನ್ನು ನೀವೇ ಊಹಿಸಿ.

ಇಲ್ಲದಿದ್ದ ಕಾಲದ್ದೇ ಒಂದು ಕತೆ ಷಿಕಾಗೋ ಪಕ್ಕದ ಎವನ್ಸ್ಟನ್‌ನಲ್ಲಿದೆ. 1860ರ ಸೆಪ್ಟೆಂಬರ್ 8ರ ನಸುಕಿನಲ್ಲಿ ವಿಸ್ಕಾನ್ಸಿನ್ ದಂಡೆಯ ಮಿಲ್ವಾಕೀ ನಗರಕ್ಕೆ ಮರಳುತ್ತಿದ್ದ ಲೇಡಿ ಎಲ್ಜಿನ್ ಎಂಬ ಪ್ರಯಾಣಿಕರ ಹಡಗಿಗೆ ಅಗಸ್ಟಾ ಎಂಬ ಹಾಯಿಹಡಗು ಡಿಕ್ಕಿ ಹೊಡೆಯಿತು. ಸತ್ತವರು ಸುಮಾರು 300. ಹೆಚ್ಚಿನವರು ಮಿಲ್ವಾಕೀಯ ಐರಿಶ್ ಕೇರಿಯವರು. ದಡಕ್ಕೆ ತೇಲಿ ಬಂದವರನ್ನು ಎಡ್ವರ್ಡ್ ಸ್ಪೆನ್ಸರ್ ಎಂಬ ವಿದ್ಯಾರ್ಥಿ ಮತ್ತೆ ಮತ್ತೆ ಈಜಿ ಎಳೆದು ತಂದ, 17 ಜನರನ್ನು. ಆಮೇಲೆ ಊರವರು ಲೈಟ್‌ಹೌಸ್ ಬೇಕೆಂದು ಪಟ್ಟುಹಿಡಿದರು. ನಡುವೆ ಅಂತರ್ಯುದ್ಧ ಬಂತು, ಕೊನೆಗೆ 1873ರಲ್ಲಿ ಗ್ರೋಸ್ ಪಾಯಿಂಟ್ ಲೈಟ್‌ಹೌಸ್ ಎದ್ದಿತು. ನಿಜ ಹೇಳಬೇಕೆಂದರೆ ಎರಡು ಹಡಗುಗಳ ಡಿಕ್ಕಿಯನ್ನು ದಡದ ದೀಪ ತಪ್ಪಿಸುತ್ತಿರಲಿಲ್ಲ. ಆದರೆ ಷಿಕಾಗೋ ದಾರಿಯಲ್ಲಿ ಆ ಜಾಗದ ನೀರಡಿಯ ದಿಬ್ಬಗಳು ಎಷ್ಟೋ ಹಡಗು ನುಂಗಿದ್ದವು. ಸರ್ಕಾರದ ಕಿವಿಗೆ ಬೀಳಲು ಒಂದು ದೊಡ್ಡ ದುರಂತ ಬೇಕಾಯಿತು, ಅಷ್ಟೇ. ಇದಕ್ಕೆ ಅಮೆರಿಕವೆಂದೂ ಇಂಡಿಯಾವೆಂದೂ ಭೇದವಿಲ್ಲ.

ಕಟ್ಟಡಕ್ಕಿಂತ ಮನುಷ್ಯರ ಕತೆ ಬೇಕೆನ್ನುವವರನ್ನು ನಾನು ಇಂಡಿಯಾನಾದ ಮಿಶಿಗನ್ ಸಿಟಿಗೆ ಕಳಿಸುತ್ತೇನೆ. ಅಲ್ಲಿ 1861ರಲ್ಲಿ ಹ್ಯಾರಿಯೆಟ್ ಕೋಲ್ಫಾಕ್ಸ್ ಎಂಬ ಹೆಂಗಸು ಲೈಟ್‌ಹೌಸ್ ಕಾವಲಿಗೆ ಸೇರಿದರು. ನೆಂಟ ಸಂಸತ್ ಸದಸ್ಯ, ಮುಂದೆ ದೇಶದ ಉಪಾಧ್ಯಕ್ಷನಾದವನು; ವಶೀಲಿಯಿಂದ ಸಿಕ್ಕ ಕೆಲಸ ಎಂದು ಜನ ಆಡಿಕೊಂಡಿರಲಿಕ್ಕೆ ಸಾಕು. ಆ ಕೆಲಸವನ್ನು ಆಕೆ 1904ರವರೆಗೆ ಮಾಡಿದರು, ನಿವೃತ್ತರಾದಾಗ ವಯಸ್ಸು 80. ಮನೆಯ ಮೇಲಿನ ದೀಪದ ಜೊತೆಗೆ ನೀರಿನೊಳಗೆ ಚಾಚಿದ ಕಟ್ಟೆಯ ತುದಿಯ ದೀಪವೂ ಅವರದೇ ಹೊಣೆ. ಉರಿಸುತ್ತಿದ್ದದ್ದು ಹಂದಿ ಕೊಬ್ಬಿನ ಎಣ್ಣೆ. ಚಳಿಯಲ್ಲಿ ಅದು ನಮ್ಮ ಕೊಬ್ಬರಿ ಎಣ್ಣೆಯ ಹಾಗೆ ಗಟ್ಟಿಯಾಗುತ್ತದೆ. ಒಲೆಯ ಮೇಲೆ ಕಾಯಿಸಿ, ಆರುವ ಮೊದಲೇ ಡಬ್ಬಿ ಹಿಡಿದು, ಅಲೆ ಹಾರುವ ಕಟ್ಟೆಯ ಮೇಲೆ ತುದಿಯವರೆಗೆ ನಡೆಯಬೇಕು. ತಡವಾದರೆ ವಾಪಸು ಬಂದು ಮತ್ತೆ ಕಾಯಿಸಬೇಕು. ಇಂದು ಅಲ್ಲಿ ಕಟ್ಟೆಯ ಮೇಲೆ ಎತ್ತರದಲ್ಲಿ ಕಾಣುವ ಕಬ್ಬಿಣದ ಕಾಲುಹಾದಿ ಇಂಥ ನಡಿಗೆಗೆಂದೇ ಕಟ್ಟಿದ್ದು, ಕೆಳಗೆ ಅಲೆ ಉಕ್ಕಿದರೂ ಕಾವಲುಗಾರ ಮೇಲೆ ದಾಟಲಿ ಎಂದು. ಹ್ಯಾರಿಯೆಟ್ ವಾಸವಿದ್ದ 1858ರ ಮನೆ ಈಗ ಮ್ಯೂಸಿಯಂ. ನೋಡಿಕೊಳ್ಳುವವರು ಸ್ಥಳೀಯ ಸ್ವಯಂಸೇವಕರು.

ಕೆಲವು ಲೈಟ್‌ಹೌಸ್‌ಗಳ ಕತೆಯಲ್ಲಿ ನಗುವೂ ಇದೆ. ಮಿಲ್ವಾಕೀಯ ನಾರ್ತ್ ಪಾಯಿಂಟ್ 1855ರದು. ದಿಬ್ಬ ಕುಸಿಯುತ್ತಿದೆಯೆಂದು 1888ರಲ್ಲಿ ಒಳಕ್ಕೆ ಸರಿದು ಹೊಸ ಗೋಪುರ ಕಟ್ಟಿದರು. ಅಷ್ಟರಲ್ಲಿ ಸುತ್ತ ಸುಂದರ ಪಾರ್ಕ್ ಮಾಡಿದರು, ಮರಗಳು ಬೆಳೆದು ದೀಪವೇ ಮರೆಯಾಯಿತು. ಮರ ಕಡಿಯಲಿಲ್ಲ, 1912-13ರಲ್ಲಿ ಆ 1888ರ ಗೋಪುರವನ್ನು ಎತ್ತಿ ಹೊಸ ಉಕ್ಕಿನ ಬುಡದ ಮೇಲೆ ಕೂರಿಸಿದರು! ಬೆಂಗಳೂರಿನಲ್ಲಿ ಮೆಟ್ರೋಗೆ, ಫ್ಲೈಓವರಿಗೆ ಮರ ಉರುಳುವುದನ್ನು ನೋಡಿದವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಉತ್ತರದ ತುದಿಯಲ್ಲಿ ಓಲ್ಡ್ ಮ್ಯಾಕಿನಾ ಪಾಯಿಂಟ್ ಇದೆ, ಕೋಟೆಯಂತಹ ಕಟ್ಟಡ. 1957ರಲ್ಲಿ ಪಕ್ಕದಲ್ಲೇ ಮ್ಯಾಕಿನಾ ಸೇತುವೆ ಬಂತು. ಸೇತುವೆಯ ದೀಪಗಳೇ ಹೆಚ್ಚು ದೂರಕ್ಕೆ ಕಂಡವು, ಅದೇ ವರ್ಷ ಇದನ್ನು ಆರಿಸಿದರು.

ಮೇ ತಿಂಗಳಾಗುತ್ತಿದ್ದಂತೆ ಹಲವರ ಅಪ್ಪ-ಅಮ್ಮ ಊರಿಂದ ಬರುತ್ತಾರೆ, ಆಗ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ: “ಅಮ್ಮನಿಗೆ ಮಂಡಿನೋವು, ಎಲ್ಲಿಗೆ ಕರ್ಕೊಂಡ್ ಹೋಗ್ಲಿ?” ಬಿಗ್ ಸೇಬಲ್ ಬೇಡ. ಪಾರ್ಕಿನ ಪಾರ್ಕಿಂಗ್‌ನಿಂದ ಮರಳಹಾದಿಯಲ್ಲಿ ಹೆಚ್ಚುಕಡಿಮೆ ಮೂರು ಕಿಲೋಮೀಟರ್ ನಡೆಯಬೇಕು, ಮೇಲೆ 130 ಮೆಟ್ಟಿಲು. ಬೇಸಿಗೆಯಲ್ಲಿ ಕೆಲವು ದಿನ ಬಸ್ ಬಿಡುತ್ತಾರೆ, ಆ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಂಡರೆ ಹೋಗಬಹುದು. ಅದಕ್ಕಿಂತ ಮಿಶಿಗನ್ ರಾಜ್ಯದ ಸೇಂಟ್ ಜೋಸೆಫ್ ಊರು ಒಳ್ಳೆಯದು. ಅಲ್ಲಿ ಕಟ್ಟೆಯ ಮೇಲೆ ಒಂದರ ಹಿಂದೆ ಒಂದು ಎರಡು ಲೈಟ್‌ಹೌಸ್‌ಗಳಿವೆ. ಎರಡು ದೀಪ ಒಂದೇ ನೇರಕ್ಕೆ, ಒಂದರ ಮೇಲೊಂದು ಕಂಡರೆ ಹಡಗು ಸರಿದಾರಿಯಲ್ಲಿದೆ ಎಂದರ್ಥ. ದಿಬ್ಬದ ಮೇಲಿನ ಬೆಂಚಿನಿಂದಲೇ ಎರಡೂ ಕಾಣುತ್ತವೆ, ಮೆಟ್ಟಿಲು ಹತ್ತುವ ಗೋಜಿಲ್ಲ. ಷಿಕಾಗೋ ಕಡೆಯಿಂದ ಹೋಗುವವರಿಗೆ ಮಿಶಿಗನ್ ಸಿಟಿ ದಾರಿಯಲ್ಲೇ ಸಿಗುತ್ತದೆ, ಒಂದೇ ದಿನಕ್ಕೆ ಎರಡೂ ಆಗುತ್ತದೆ. ಅಲೆ ಕಟ್ಟೆ ಹಾರುತ್ತಿದ್ದರೆ ಮಾತ್ರ ಸೆಲ್ಫಿಗೆಂದು ಅದರ ಮೇಲೆ ಹೋಗಬೇಡಿ, ಎಷ್ಟೇ ಈಜು ಬರಲಿ. ಮತ್ತೆ ಹೊರಡುವ ಮೊದಲು ಮ್ಯೂಸಿಯಂ ತೆರೆದಿರುವ ವಾರ, ವೇಳೆ ನೋಡಿಕೊಳ್ಳಿ. ಚಳಿಗಾಲದಲ್ಲಿ ಬಹಳಷ್ಟು ಮುಚ್ಚಿರುತ್ತವೆ.