ಹತ್ತು ಕಡೆ ಬಂದ ಸುದ್ದಿಗೂ ಸಾಕ್ಷಿ ಒಂದೇ ಇರಬಹುದು

ಒಂದೇ ಸುದ್ದಿ ಹತ್ತು ಕಡೆ ಕಂಡರೆ ನಿಜವೇ ಇರಬೇಕು ಅನಿಸುತ್ತದೆ. ಆ ಹತ್ತೂ ರಾಯಿಟರ್ಸ್, ಎಎಫ್‌ಪಿಯಂಥ ಒಂದೇ ಸುದ್ದಿಸಂಸ್ಥೆಯ ವರದಿಯ ನಕಲಾಗಿದ್ದರೆ ಸಾಕ್ಷಿ ಒಂದೇ. ಸಾಮಾನ್ಯವಾಗಿ ಶೀರ್ಷಿಕೆಯ ಕೆಳಗೋ ವರದಿಯ ಕೊನೆಗೋ ಸಂಸ್ಥೆಯ ಹೆಸರಿರುತ್ತದೆ. ಇಲ್ಲದಿದ್ದರೆ ಒಂದು ಇಡೀ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಅನುವಾದಿಸಿದ ವರದಿಗೆ ಈ ಉಪಾಯ ನಡೆಯದು. ಅಲ್ಲಿ ಅಂಕಿ, ಊರು, ವ್ಯಕ್ತಿಗಳ ಹೆಸರು ಹಿಡಿದೇ ಹುಡುಕಬೇಕು.

ಯಾವ ಪಕ್ಷದ ಕಡೆಗೂ ಒಲವೇ ಇಲ್ಲದ ಪತ್ರಿಕೆಗಾಗಿ ಅಲೆಯುವುದು ವ್ಯರ್ಥ. ಒಲವು ಬೇರೆ, ಸುಳ್ಳು ಬೇರೆ. ಒಲವು ಹೆಚ್ಚಾಗಿ ಅಡಗಿರುವುದು ಏನನ್ನು ಬಿಟ್ಟರು ಎಂಬುದರಲ್ಲಿ. ಹಾಗಾಗಿ ಒಂದೇ ಪತ್ರಿಕೆಯನ್ನು ಎಷ್ಟು ಓದಿದರೂ ಅದು ಕಣ್ಣಿಗೆ ಬೀಳದು. ವಿರುದ್ಧ ಒಲವಿನ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವ ಸಂಗತಿಗಳನ್ನು ಗುರುತು ಹಾಕಿಕೊಳ್ಳಿ. ಒಂದರಲ್ಲಷ್ಟೇ ಇರುವುದನ್ನು ತೀರ್ಪಿನ ಪ್ರತಿ, ಪೂರ್ಣ ಭಾಷಣದಂಥ ಮೂಲದಲ್ಲೇ ನೋಡಿ.

ನನ್ನ ಮಟ್ಟಿಗೆ, ತಪ್ಪನ್ನು ತಿದ್ದಿ ಹಾಗೆಂದು ಪ್ರಕಟಿಸುವ ಪತ್ರಿಕೆಯೇ ಮೇಲು. ಸದ್ದಿಲ್ಲದೆ ಸಾಲು ಬದಲಿಸುವವರು, ಜಾಲಪುಟಗಳ ಹಳೆಯ ರೂಪಗಳನ್ನು ಕೂಡಿಡುವ ವೇಬ್ಯಾಕ್ ಮಷಿನ್‌ನ ಹಳೆಯ ಪ್ರತಿಯಲ್ಲಿ ಸಿಕ್ಕಿಬೀಳುವುದುಂಟು. ‘ಮೂಲಗಳು ತಿಳಿಸಿವೆ’ ಎಂದಿದ್ದರೆ, ಹೆಸರು ಮುಚ್ಚಿಟ್ಟದ್ದಕ್ಕೆ ಕಾರಣವನ್ನಾದರೂ ಕೊಟ್ಟಿದ್ದಾರಾ ಗಮನಿಸಿ. ಇಲ್ಲದಿದ್ದರೆ ಹಂಚುವ ಮುನ್ನ ಒಂದು ದಿನ ಕಾಯಿರಿ.